ದವಡೆ ಬಿಡದ ಪತಂಗ

ಯೂರೋಪಿನ ಜೌಗು ಹುಲ್ಲುಗಾವಲುಗಳಲ್ಲಿ ಮೇ ತಿಂಗಳು ಹಳದಿ ಹೂಗಳ ಕಾಲ. ಮಾರ್ಷ್ ಮಾರಿಗೋಲ್ಡ್, ಬಟರ್‌ಕಪ್ ಹೂಗಳ ಕೇಸರಗಳ ಸಂದಿಯಲ್ಲಿ ಕಂಚಿನ ಬಣ್ಣದ ಪುಟಾಣಿ ಪತಂಗಗಳು ಗುಂಪುಗುಂಪಾಗಿ ಕೂತಿರುತ್ತವೆ. ರೆಕ್ಕೆ ಬಿಡಿಸಿ ಅಳೆದರೂ ಒಂದು ಸೆಂಟಿಮೀಟರ್ ದಾಟುವುದು ಕಷ್ಟ. ನೋಡಿದವರು ಮಕರಂದ ಹೀರುತ್ತಿವೆ ಅಂದುಕೊಳ್ಳುವುದು ಸಹಜ. ಆದರೆ ಹೀರಲು ಇವಕ್ಕೆ ನಳಿಗೆಯೇ ಇಲ್ಲ. ಪರಾಗದ ಕಣಗಳನ್ನು ಬಾಯಿಗೆ ಎಳೆದುಕೊಂಡು, ಹಲ್ಲಿನ ಅಂಚುಳ್ಳ ದವಡೆಯಿಂದ ಅರೆದು ನುಂಗುತ್ತವೆ.

ಚಿಟ್ಟೆ ಮತ್ತು ಪತಂಗಗಳು ಸೇರಿ ಲೆಪಿಡಾಪ್ಟೆರಾ ಎಂಬ ಗಣ. ಈವರೆಗೆ ಹೆಸರು ಪಡೆದ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಭೇದಗಳು ಅದರಲ್ಲಿವೆ. ಅಷ್ಟರಲ್ಲಿ ರೆಕ್ಕೆ ಬಂದ ಮೇಲೂ ಅಗಿದು ತಿನ್ನುವಂಥವು ಇನ್ನೂರರ ಆಸುಪಾಸು. ಅವುಗಳಲ್ಲಿ ಎಲ್ಲರಿಗಿಂತ ಮೊದಲು ವಿಜ್ಞಾನಿಗಳ ಕಣ್ಣಿಗೆ ಬಿದ್ದ ಕುಲ ಮೈಕ್ರೊಪ್ಟೆರಿಕ್ಸ್. ಈ ಕುಲ ಪತಂಗಗಳ ಸಾಲಿಗೆ ಸೇರಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ, ಡೆನ್ಮಾರ್ಕ್‌ಗಳ ಕೀಟತಜ್ಞರು ಹೆಚ್ಚುಕಡಿಮೆ ನೂರು ವರ್ಷ ವಾದ ಮಾಡಿದರು. ಆ ವಾದ ಮುಗಿಯುವ ಹೊತ್ತಿಗೆ ಜೀವಿಗಳ ನೆಂಟಸ್ತನವನ್ನು ಗುರುತಿಸುವ ರೀತಿಯೇ ಬದಲಾಗಿತ್ತು.

ಬಾಯಿಯೊಳಗಿನ ಸಂಗತಿ

ಕಥೆ ಸ್ವೀಡನ್ನಿನಲ್ಲಿ ಶುರುವಾಗುತ್ತದೆ. ಕಾರ್ಲ್ ಲಿನೇಯಸ್ 1761ರಲ್ಲಿ ತನ್ನ ದೇಶದ ಪ್ರಾಣಿಗಳ ಪಟ್ಟಿಯಾದ ‘ಫೌನಾ ಸ್ವೆಸಿಕಾ’ದ ಎರಡನೇ ಆವೃತ್ತಿ ಹೊರತಂದ. ಮಾರ್ಷ್ ಮಾರಿಗೋಲ್ಡ್ ಹೂವಿನ ಮೇಲೆ ಸಿಗುವ ಈ ಪತಂಗಕ್ಕೆ ಅದರಲ್ಲಿ ಕ್ಯಾಲ್ತೆಲ್ಲಾ ಎಂದು ಹೆಸರು ಕೊಟ್ಟು, ಸಣ್ಣ ಪತಂಗಗಳಿಗೆಲ್ಲ ಇದ್ದ ಒಂದೇ ದೊಡ್ಡ ಗುಂಪಿನಲ್ಲಿ ಸೇರಿಸಿದ. ಜರ್ಮನಿಯ ಯಾಕೋಬ್ ಹ್ಯೂಬ್ನರ್ 1825ರಲ್ಲಿ ಅದನ್ನು ಅಲ್ಲಿಂದ ಬಿಡಿಸಿ ಮೈಕ್ರೊಪ್ಟೆರಿಕ್ಸ್ ಎಂಬ ಕುಲಕ್ಕೆ ತಂದ. ಇಬ್ಬರೂ ನೋಡಿದ್ದು ರೆಕ್ಕೆಯನ್ನು, ಅದರ ಬಣ್ಣವನ್ನು. ಅಷ್ಟು ಚಿಕ್ಕ ಜೀವದ ಬಾಯಿಯನ್ನು ಬಿಡಿಸಿ ನೋಡುವ ರೂಢಿ ಆಗ ಇರಲಿಲ್ಲ.

ಹೀಗಾಗಿ ಒಂದು ತೊಡಕು ಹುಟ್ಟಿತು. ಬರ್ಚ್ ಮರದ ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದು ಬದುಕುವ ಇನ್ನೊಂದು ಬಗೆಯ ಪತಂಗವಿದೆ. ಅದರ ರೆಕ್ಕೆಗೂ ಲೋಹದ ಹೊಳಪು, ಗಾತ್ರವೂ ಸಣ್ಣದು. ಹತ್ತೊಂಬತ್ತನೇ ಶತಮಾನದ ಬಹುತೇಕ ಪುಸ್ತಕಗಳು ಅದನ್ನೂ ಮೈಕ್ರೊಪ್ಟೆರಿಕ್ಸ್ ಎಂದೇ ಕರೆದವು. ಜರ್ಮನಿಯ ಫಿಲಿಪ್ ಕ್ರಿಸ್ಟೋಫ್ ಟ್ಸೆಲ್ಲರ್ 1851ರಲ್ಲಿ ಎಲೆ ಕೊರೆಯುವ ಬಗೆಗೆ ಎರಿಯೊಕ್ರೇನಿಯಾ ಎಂಬ ಬೇರೆ ಹೆಸರು ಕೊಟ್ಟ. ಆದರೂ ಇವೆರಡೂ ಒಂದೇ ಮನೆಯವು ಎಂಬ ನಂಬಿಕೆ ಹೋಗಲಿಲ್ಲ.

ಅದಕ್ಕೆ ಬಲವಾದ ಪೆಟ್ಟು ಬಿದ್ದದ್ದು 1885ರಲ್ಲಿ. ಆಲ್ಫ್ರೆಡ್ ವಾಲ್ಟರ್ ಎಂಬಾತ ಯೇನಾ ನಗರದ ವಿಜ್ಞಾನ ಪತ್ರಿಕೆಯಲ್ಲಿ ಪತಂಗಗಳ ಬಾಯಂಗಗಳ ಬಗ್ಗೆ ದೀರ್ಘ ಲೇಖನ ಬರೆದ. ಸೂಕ್ಷ್ಮದರ್ಶಕದ ಕೆಳಗೆ ಕ್ಯಾಲ್ತೆಲ್ಲಾದ ತಲೆಯನ್ನು ಬಿಡಿಸಿದಾಗ ಅವನಿಗೆ ಕಂಡದ್ದು ಪೂರ್ಣ ಬೆಳೆದ, ಕೆಲಸ ಮಾಡುವ ದವಡೆಗಳ ಜೋಡಿ.

ಆ ಬಾಯಿಯ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ದವಡೆಗಳು ಒಂದೇ ತೆರನಾಗಿಲ್ಲ. ಎಡದ್ದು ಒಂದು ಆಕಾರ, ಬಲದ್ದು ಇನ್ನೊಂದು. ಎದುರುಬದುರಾಗಿ ಕೂಡಿದಾಗ ಒಂದರ ಹಲ್ಲು ಇನ್ನೊಂದರ ತಗ್ಗಿಗೆ ಹೊಂದುತ್ತದೆ. ದವಡೆಯ ಹಿಂದೆ ಬಾಯಿಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಮುಳ್ಳುಮುಳ್ಳಾದ ಹಾಸು ಇದ್ದು, ಪರಾಗ ಅದರ ನಡುವೆ ಹಾದುಹೋಗುತ್ತದೆ. ಬಾಯಿಯ ಅಕ್ಕಪಕ್ಕದಲ್ಲಿ ಐದು ಗೆಣ್ಣುಗಳ ಎರಡು ಉದ್ದನೆಯ ಸ್ಪರ್ಶಾಂಗಗಳು ಮಡಚಿಕೊಂಡಿರುತ್ತವೆ. ಕೇಸರದಿಂದ ಪರಾಗವನ್ನು ಕೆರೆದು ತಂದು ಬಾಯಿಗೆ ಒಪ್ಪಿಸುವುದು ಅವುಗಳ ಕೆಲಸ. ಉಳಿದ ಪತಂಗಗಳಲ್ಲಿ ಕೆಳದವಡೆಯ ಹೊರಹಾಳೆಗಳು ಎಳೆದಂತೆ ಉದ್ದವಾಗಿ, ಎರಡೂ ಕೂಡಿಕೊಂಡು, ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿಯಾಗುವ ಹೀರುನಳಿಗೆಯಾಗಿವೆ. ಮೈಕ್ರೊಪ್ಟೆರಿಕ್ಸ್‌ನಲ್ಲಿ ಅದೇ ಹಾಳೆಗಳು ಬೇರೆಬೇರೆಯಾಗಿ, ಗಿಡ್ಡವಾಗಿ ಉಳಿದಿವೆ. ಜಿರಳೆಯ ಬಾಯಿಯಲ್ಲಿ ಕಾಣುವ ಎಲ್ಲ ಭಾಗಗಳನ್ನೂ ಇಲ್ಲಿ ಒಂದೊಂದಾಗಿ ಎಣಿಸಿ ತೋರಿಸಬಹುದು.

ಲೆಪಿಡಾಪ್ಟೆರಾ ಅಂದರೆ ಸುರುಳಿ ನಳಿಗೆ ಎಂದು ಕಲಿತ ಪೀಳಿಗೆಗೆ ಇದನ್ನು ಎಲ್ಲಿಡುವುದೆಂದು ತೋಚದಾಯಿತು. ಅಮೆರಿಕದ ಆಲ್ಫಿಯಸ್ ಪ್ಯಾಕರ್ಡ್ 1895ರಲ್ಲಿ ಇಡೀ ಗಣವನ್ನೇ ಬಾಯಿಯ ಆಧಾರದ ಮೇಲೆ ಒಡೆದು, ಒಂದು ಬದಿಗೆ ಈ ದವಡೆಯವರನ್ನೂ ಇನ್ನೊಂದು ಬದಿಗೆ ಉಳಿದೆಲ್ಲರನ್ನೂ ಇಟ್ಟ. ಅದೇ ವರ್ಷ ಇಂಗ್ಲೆಂಡಿನ ಎಡ್ವರ್ಡ್ ಮೇರಿಕ್ ತಮ್ಮ ಕೈಪಿಡಿಯಲ್ಲಿ ಇವುಗಳನ್ನು ಪತಂಗಗಳ ವಂಶವೃಕ್ಷದ ಬುಡದಲ್ಲಿ ಕೂರಿಸಿದರು. ಮೇರಿಕ್ ವೃತ್ತಿಯಿಂದ ಶಾಲಾ ಮೇಷ್ಟರು. ಜೀವನಪೂರ್ತಿ ಕೈಮಸೂರ ಹಿಡಿದು, ಸಾವಿರಾರು ಸಣ್ಣ ಪತಂಗಗಳಿಗೆ ಹೆಸರಿಟ್ಟವರು. ಕಾರವಾರ ಮತ್ತು ಕೊಡಗಿನಿಂದ ಅವರಿಗೆ ಕಳಿಸಿದ ಪತಂಗಗಳೂ ಆ ಪಟ್ಟಿಯಲ್ಲಿವೆ. ಆ ಕೈಪಿಡಿಗೆ ಮುಂಚೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದ್ದಾಗ ಅವರು ಮೈಕ್ರೊಪ್ಟೆರಿಕ್ಸ್‌ನ ದೂರದ ದಾಯಾದಿಗಳನ್ನೂ ಕಂಡಿದ್ದರು.

ಹೆರಿಫರ್ಡ್‌ನ ವೈದ್ಯ

ಬಾಯಿ ಕಂಡದ್ದಾಯಿತು. ಆದರೆ ಮರಿಹುಳು ಎಲ್ಲಿ, ಏನು ತಿನ್ನುತ್ತದೆ ಎಂಬುದು ಗೊತ್ತಿರಲಿಲ್ಲ. ಎಲೆ ಕೊರೆಯುವ ಎರಿಯೊಕ್ರೇನಿಯಾದ ನೆಂಟನಾದ್ದರಿಂದ ಇದೂ ಯಾವುದೋ ಎಲೆಯೊಳಗೇ ಇರಬೇಕು ಎಂದು ಊಹಿಸುವುದು ಸುಲಭವಾಗಿತ್ತು.

ಆ ಊಹೆಯನ್ನು ಕೆಡವಿದವರು ಥಾಮಸ್ ಆಲ್ಜರ್ನನ್ ಚಾಪ್‌ಮನ್. ಇಂಗ್ಲೆಂಡಿನ ಹೆರಿಫರ್ಡ್ ಬಳಿಯ ಬರ್ಗ್‌ಹಿಲ್‌ನಲ್ಲಿ ಮನೋರೋಗಿಗಳ ಆಸ್ಪತ್ರೆಯ ಮುಖ್ಯ ವೈದ್ಯರಾಗಿದ್ದ ಇವರಿಗೆ ಕೀಟಗಳ ಬಾಲ್ಯಾವಸ್ಥೆಯೇ ಹುಚ್ಚು. ರೆಕ್ಕೆ ಬಂದ ಪತಂಗವನ್ನು ಎಲ್ಲರೂ ಪಿನ್ನಿಗೆ ಚುಚ್ಚಿ ಪೆಟ್ಟಿಗೆಗೆ ಹಾಕುತ್ತಿದ್ದ ಕಾಲದಲ್ಲಿ ಚಾಪ್‌ಮನ್ ಮೊಟ್ಟೆ, ಮರಿಹುಳು, ಕೋಶಾವಸ್ಥೆಗಳ ಹಿಂದೆ ಬಿದ್ದಿದ್ದರು. ಕ್ಯಾಲ್ತೆಲ್ಲಾದ ಬಾಲ್ಯಾವಸ್ಥೆಗಳ ಕುರಿತ ಅವರ ಬರಹ 1894ರಲ್ಲಿ ಲಂಡನ್ನಿನ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಮರಿಹುಳು ಯಾವ ಕಂಬಳಿಹುಳದಂತೆಯೂ ಇರಲಿಲ್ಲ. ಎಲೆಯೊಳಗೆ ಅವಿತು ಬದುಕುವುದರ ಬದಲು ನೆಲದ ತೇವದಲ್ಲಿ, ಪಾಚಿಯ ನಡುವೆ ಬಯಲಲ್ಲೇ ಓಡಾಡಿಕೊಂಡಿತ್ತು. ಗಾತ್ರ ಕೆಲವೇ ಮಿಲಿಮೀಟರ್. ದೇಹ ದುಂಡಗಿರದೆ ಕೋನಕೋನವಾಗಿದೆ. ಮೈಮೇಲೆ ಸಾಲಾಗಿ ವಿಚಿತ್ರ ಆಕಾರದ ರೋಮಗಳು. ಮೀಸೆಗಳು ಮರಿಹುಳುಗಳಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಉದ್ದ. ರೇಷ್ಮೆ ಹುಳುವನ್ನು ಕಂಡವರಿಗೆ ಗೊತ್ತು: ಎದೆಯ ಮೂರು ಜೊತೆ ಕಾಲುಗಳ ಹಿಂದೆ ಹೊಟ್ಟೆಯ ಭಾಗದಲ್ಲಿ ಐದು ಜೊತೆ ಮಾಂಸಲ ಕಾಲುಗಳು, ಅವುಗಳ ತುದಿಯಲ್ಲಿ ಎಲೆಯನ್ನು ಕಚ್ಚಿ ಹಿಡಿಯುವ ಸೂಕ್ಷ್ಮ ಕೊಕ್ಕೆಗಳ ಸಾಲು. ಚಾಪ್‌ಮನ್ ಕಂಡ ಹುಳುವಿಗೆ ಹೊಟ್ಟೆಯ ಮೊದಲ ಎಂಟು ಖಂಡಗಳಲ್ಲೂ ಒಂದೊಂದು ಜೊತೆ ಕಾಲಿನಂಥ ಚಾಚುಗಳಿದ್ದವು. ಕೊಕ್ಕೆಗಳ ಸಾಲು ಮಾತ್ರ ಇರಲಿಲ್ಲ.

ಕೋಶಾವಸ್ಥೆಯದು ಇನ್ನೊಂದು ಬೆರಗು. ರೇಷ್ಮೆ ಪತಂಗ ತನ್ನ ಗೂಡಿನಿಂದ ಹೊರಬರಲು ಬಾಯಿಯಿಂದ ದ್ರವ ಸುರಿಸಿ ನೂಲಿನ ಅಂಟನ್ನು ಕರಗಿಸುತ್ತದೆ. ಕಚ್ಚಿ ಹರಿಯಲು ಅದಕ್ಕೆ ದವಡೆಯೇ ಇಲ್ಲ. ಮೈಕ್ರೊಪ್ಟೆರಿಕ್ಸ್‌ನ ಕೋಶಾವಸ್ಥೆಯ ಜೀವಕ್ಕೆ ಕಾಲು, ರೆಕ್ಕೆ, ಮೀಸೆ ಎಲ್ಲವೂ ದೇಹಕ್ಕೆ ಅಂಟಿಕೊಳ್ಳದೆ ಬಿಡಿಬಿಡಿಯಾಗಿರುತ್ತವೆ. ಜೊತೆಗೆ ಆಡಿಸಬಲ್ಲ ದೊಡ್ಡ ದವಡೆಗಳಿರುತ್ತವೆ. ಅವುಗಳಿಂದಲೇ ಗೂಡನ್ನು ಹರಿದು ಹೊರಬರುತ್ತದೆ. ಹೀಗೆ ಗೂಡು ಹರಿಯುವ ಇನ್ನೊಂದು ಗಣ ಕ್ಯಾಡಿಸ್ ನೊಣಗಳದು. ನೀರಿನ ತಳದಲ್ಲಿ ಮರಳು, ಕಡ್ಡಿಗಳನ್ನು ರೇಷ್ಮೆಯಿಂದ ಹೆಣೆದು ಮನೆ ಕಟ್ಟಿಕೊಳ್ಳುವ ಹುಳುಗಳು ದೊಡ್ಡವಾದಾಗ ರೋಮದ ರೆಕ್ಕೆಯ ಕ್ಯಾಡಿಸ್ ನೊಣಗಳಾಗುತ್ತವೆ.

ನಿವೃತ್ತಿಯ ನಂತರ ಚಾಪ್‌ಮನ್ ರೈಗೇಟ್ ಊರಿನಲ್ಲಿ ನೆಲೆಸಿ ಅಧ್ಯಯನ ಮುಂದುವರಿಸಿದರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1917ರಲ್ಲಿ, ಕಡೆಗೂ ದೊಡ್ಡ ಮಾತನ್ನೇ ಆಡಿಬಿಟ್ಟರು: ಮೈಕ್ರೊಪ್ಟೆರಿಕ್ಸ್ ಪತಂಗವೂ ಅಲ್ಲ, ಕ್ಯಾಡಿಸ್ ನೊಣವೂ ಅಲ್ಲ, ಜೀರುಂಡೆ, ನೊಣ, ಚಿಟ್ಟೆಗಳಿಗೆ ಒಂದೊಂದು ಗಣ ಇರುವ ಹಾಗೆ ಇದಕ್ಕೂ ಸ್ವಂತದ್ದೊಂದು ಗಣ ಬೇಕು. ಆ ಗಣಕ್ಕೆ ಅವರಿಟ್ಟ ಹೆಸರು ಝ್ಯೂಗ್ಲಾಪ್ಟೆರಾ.

ಮೂರು ಬಣಗಳು

ಮರುವರ್ಷವೇ ಅಮೆರಿಕದಿಂದ ಇನ್ನೊಂದು ತೀರ್ಪು ಬಂತು. ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಹೆನ್ರಿ ಕಾಮ್‌ಸ್ಟಾಕ್ ಕೀಟಗಳ ರೆಕ್ಕೆಯ ನರಗಳನ್ನು ಓದುವುದರಲ್ಲಿ ಆ ಕಾಲದ ದೊಡ್ಡ ಹೆಸರು. ಹಾರುವಾಗ ಮುಂದಿನ, ಹಿಂದಿನ ರೆಕ್ಕೆಗಳು ಒಟ್ಟಿಗೆ ಬಡಿಯುವಂತೆ ಹಿಡಿದಿಡುವ ಏರ್ಪಾಡನ್ನು ಆಧರಿಸಿ ಅವರು 1893ರಲ್ಲೇ ಪತಂಗಗಳನ್ನು ಎರಡು ಭಾಗ ಮಾಡಿದ್ದರು. ಹೆಚ್ಚಿನವುಗಳಲ್ಲಿ ಹಿಂದಿನ ರೆಕ್ಕೆಯ ಬುಡದಿಂದ ಹೊರಟ ಗಡುಸಾದ ಕೂದಲು ಮುಂದಿನ ರೆಕ್ಕೆಯ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಮೈಕ್ರೊಪ್ಟೆರಿಕ್ಸ್‌ನಲ್ಲಿ ಮುಂದಿನ ರೆಕ್ಕೆಯ ಬುಡದ ಸಣ್ಣ ಹಾಲೆಯೊಂದು ಆ ಪಾತ್ರ ವಹಿಸುತ್ತದೆ. ಅದರ ಮುಂದಿನ, ಹಿಂದಿನ ರೆಕ್ಕೆಗಳ ನರವಿನ್ಯಾಸವೂ ಬಹುಮಟ್ಟಿಗೆ ಒಂದೇ. ಇದೆಲ್ಲ ಕ್ಯಾಡಿಸ್ ನೊಣಗಳನ್ನು ನೆನಪಿಸುವಂಥದ್ದು. 1918ರ ಪುಸ್ತಕದಲ್ಲಿ ಕಾಮ್‌ಸ್ಟಾಕ್ ಮೈಕ್ರೊಪ್ಟೆರಿಕ್ಸ್ ಇರುವ ಕುಟುಂಬವನ್ನು ಪತಂಗಗಳಿಂದ ಕಿತ್ತು ಕ್ಯಾಡಿಸ್ ನೊಣಗಳ ಗಣಕ್ಕೇ ಸೇರಿಸಿದರು. ನೀರಿನಲ್ಲಿ ಬೆಳೆಯದ, ನೆಲದ ಮೇಲೆ ಬದುಕುವ ಕ್ಯಾಡಿಸ್ ಇದು ಎಂಬುದು ಅವರ ನಿಲುವು.

ಉತ್ತರ ಕೊಟ್ಟವರು ಆಗ ಆಸ್ಟ್ರೇಲಿಯಾದಲ್ಲಿದ್ದ ರಾಬಿನ್ ಜಾನ್ ಟಿಲ್ಯಾರ್ಡ್. 1919ರಲ್ಲಿ ಇದೇ ಕುಟುಂಬದ ದೇಹರಚನೆ ಮತ್ತು ಸ್ಥಾನದ ಬಗ್ಗೆ ವಿವರವಾದ ಪ್ರಬಂಧ ಬರೆದು, ರೆಕ್ಕೆಯ ನರಗಳನ್ನು ಒಂದೊಂದಾಗಿ ಬಿಡಿಸಿ, ಇದು ಪತಂಗವೇ ಎಂದು ವಾದಿಸಿದರು. ಸಿನ್ಸಿನಾಟಿಯ ಆನೆಟ್ ಬ್ರೌನ್ ಕೂಡ ಅದೇ ವರ್ಷ ಪತಂಗಗಳ ರೆಕ್ಕೆಯಲ್ಲಿ ಉಳಿದುಬಂದ ಕ್ಯಾಡಿಸ್ ಲಕ್ಷಣಗಳ ಬಗ್ಗೆ ಬರೆದರು. ಟಿಲ್ಯಾರ್ಡ್ ಮರುವರ್ಷ ನ್ಯೂಜಿಲೆಂಡಿನ ನೆಲ್ಸನ್ ಊರಿನ ಕಾತ್ರನ್ ಸಂಸ್ಥೆಗೆ ಹೋದರು. ಅಲ್ಲಿನ ಕಾಡಿನಲ್ಲಿ ಮೈಕ್ರೊಪ್ಟೆರಿಕ್ಸ್‌ನ ಕುಟುಂಬದ್ದೇ ಆದ ಸಬಟಿಂಕಾ ಕುಲ ಸಿಗುತ್ತದೆ. ಅದರ ಮರಿಹುಳು, ಕೋಶಾವಸ್ಥೆಗಳನ್ನು ಅವರು ವಿವರಿಸಿದರು. ಅವರ ಸಹೋದ್ಯೋಗಿ ಆಲ್ಫ್ರೆಡ್ ಫಿಲ್ಪಾಟ್ ರೆಕ್ಕೆ ಕೂಡುವ ಏರ್ಪಾಡನ್ನೂ ಜನನಾಂಗಗಳನ್ನೂ ಬಿಡಿಸಿ ನೋಡಿದರು.

ಹೀಗೆ ಮೂರು ಬಣಗಳಾದವು. ಪತಂಗ ಎನ್ನುವವರು, ಕ್ಯಾಡಿಸ್ ಎನ್ನುವವರು, ಎರಡೂ ಅಲ್ಲ ಎನ್ನುವವರು. ಮೂವರ ಕೈಯಲ್ಲೂ ಇದ್ದದ್ದು ಅದೇ ಕೀಟ, ಅದೇ ಭಾಗಗಳು. ಬ್ರಿಟನ್ನಿನ ಹೋವರ್ಡ್ ಹಿಂಟನ್ 1946ರಲ್ಲಿ, ಮತ್ತೆ 1958ರಲ್ಲಿ, ಮರಿಹುಳುವಿನ ರಚನೆಯನ್ನು ಆಧರಿಸಿ ಚಾಪ್‌ಮನ್ನರ ಪ್ರತ್ಯೇಕ ಗಣಕ್ಕೆ ಬೆಂಬಲ ಕೊಟ್ಟರು. ಹೊಸ ಅಂಗ ಕಂಡಷ್ಟೂ ವಾದ ಬೆಳೆಯುತ್ತಿತ್ತೇ ಹೊರತು ಕರಗುತ್ತಿರಲಿಲ್ಲ.

ಉಳಿದದ್ದಕ್ಕಿಂತ ಬಂದದ್ದು ಮುಖ್ಯ

ಕೊರತೆ ಇದ್ದದ್ದು ತರ್ಕದಲ್ಲಿ. ಅದನ್ನು ಸರಿಪಡಿಸಿದವರು ಜರ್ಮನಿಯ ವಿಲ್ಲಿ ಹೆನ್ನಿಗ್. 1950ರಲ್ಲಿ ಜರ್ಮನ್ ಭಾಷೆಯಲ್ಲಿ, 1966ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ಪುಸ್ತಕಗಳ ತಿರುಳು ಇಷ್ಟು: ಪುರಾತನ ಲಕ್ಷಣವೊಂದು ಇಬ್ಬರಲ್ಲಿ ಉಳಿದಿದೆ ಎಂದ ಮಾತ್ರಕ್ಕೆ ಅವರು ಹತ್ತಿರದ ನೆಂಟರೆಂದು ಹೇಳಲಾಗದು. ಊರಿನ ಎರಡು ಮನೆಗಳಲ್ಲಿ ಇನ್ನೂ ಬೀಸುಕಲ್ಲಿದೆ ಎಂದು ಆ ಎರಡೂ ಒಂದೇ ಮನೆತನ ಅನ್ನಲಾದೀತೇ? ಒಂದು ಕಾಲಕ್ಕೆ ಎಲ್ಲರ ಮನೆಯಲ್ಲೂ ಬೀಸುಕಲ್ಲಿತ್ತು. ನೆಂಟಸ್ತನ ತಿಳಿಯಬೇಕಾದರೆ, ಒಂದು ಕವಲಿನಲ್ಲಿ ಹೊಸದಾಗಿ ಹುಟ್ಟಿ ಅದರ ಸಂತತಿಗೆ ಮಾತ್ರ ಬಂದ ಲಕ್ಷಣಗಳನ್ನು ಹುಡುಕಬೇಕು.

ಈ ಕಣ್ಣಿನಿಂದ ನೋಡಿದ ಕೂಡಲೇ ದವಡೆಗೆ ಇದ್ದ ತೂಕ ಇಳಿದುಹೋಯಿತು. ದವಡೆ ಕೀಟಗಳ ಹಳೆಯ ಆಸ್ತಿ. ಅದನ್ನು ಉಳಿಸಿಕೊಂಡ ಮೈಕ್ರೊಪ್ಟೆರಿಕ್ಸ್ ಯಾರಿಗೆ ಹತ್ತಿರ ಎಂಬುದನ್ನು ದವಡೆ ಹೇಳಲಾರದು. ಹೊಸದಾಗಿ ಬಂದದ್ದು ರೆಕ್ಕೆಯ ಮೇಲಿನ ಹುರುಪೆ. ಕ್ಯಾಡಿಸ್ ನೊಣದ ರೆಕ್ಕೆಯನ್ನು ಹೊದ್ದಿರುವುದು ಹೆಚ್ಚಾಗಿ ರೋಮ. ಮೈಕ್ರೊಪ್ಟೆರಿಕ್ಸ್‌ನ ರೆಕ್ಕೆಯನ್ನು ಉಜ್ಜಿದರೆ ಬೆರಳಿಗೆ ಅಂಟುವುದು ಎಲ್ಲ ಚಿಟ್ಟೆಗಳಂತೆ ಹುರುಪೆಯ ಪುಡಿ. ಕೋಪನ್‌ಹೇಗನ್ನಿನ ಪ್ರಾಣಿಶಾಸ್ತ್ರ ಮ್ಯೂಸಿಯಮ್ಮಿನ ನೀಲ್ಸ್ ಪೀಡರ್ ಕ್ರಿಸ್ಟೆನ್ಸನ್ ತಮ್ಮ ಬದುಕನ್ನೇ ಈ ಬುಡದ ಪತಂಗಗಳಿಗೆ ಮುಡಿಪಿಟ್ಟವರು. ತಲೆಯ ಸ್ನಾಯು, ಕಾಲಿನ ಮುಳ್ಳು, ಎದೆಯ ಗೂಡು ಎಂದು ಒಂದೊಂದನ್ನೂ ಸೀಳಿ ನೋಡಿದ ಅವರು, ದವಡೆಯವರೂ ನಳಿಗೆಯವರೂ ಸಮಾನವಾಗಿ ಪಡೆದ ಇಂಥ ಹೊಸ ಲಕ್ಷಣಗಳನ್ನು ಇಪ್ಪತ್ತಕ್ಕೂ ಮಿಕ್ಕಿ ಪಟ್ಟಿ ಮಾಡಿದರು. ಕ್ಯಾಡಿಸ್ ನೊಣಗಳನ್ನೂ ಬಿಟ್ಟುಕೊಡಬೇಕಾಗಲಿಲ್ಲ. ಎರಡೂ ಗಣಗಳ ಮರಿಹುಳುಗಳು ರೇಷ್ಮೆ ನೂಲುತ್ತವೆ. ಎರಡರಲ್ಲೂ ಬೇರೆಬೇರೆ ಲಿಂಗ ವರ್ಣತಂತುಗಳನ್ನು ಹೊತ್ತಿರುವುದು ಹೆಣ್ಣು. ಹೀಗಾಗಿ ಅವು ಸೋದರ ಗಣಗಳಾಗಿ ನಿಂತವು, ಮೈಕ್ರೊಪ್ಟೆರಿಕ್ಸ್ ಪತಂಗಗಳ ಬದಿಯಲ್ಲೇ ಉಳಿಯಿತು.

ಈ ತರ್ಕಕ್ಕೆ ಒಳ್ಳೆಯ ಪರೀಕ್ಷೆಗಳೂ ಎದುರಾದವು. 1952ರಲ್ಲಿ ಲಯನೆಲ್ ಡಂಬಲ್‌ಟನ್ ಎಂಬ ನ್ಯೂಜಿಲೆಂಡಿಗ ಕ್ವೀನ್ಸ್‌ಲೆಂಡ್ ಮತ್ತು ಫಿಜಿಯ ಕೌರಿ ಮರಗಳ ಬೀಜದೊಳಗೆ ಬೆಳೆಯುವ ಪತಂಗವೊಂದನ್ನು ವರ್ಣಿಸಿ, ದವಡೆ ನೋಡಿ ಮೈಕ್ರೊಪ್ಟೆರಿಕ್ಸ್‌ನ ಕುಟುಂಬಕ್ಕೇ ಹಾಕಿದ್ದ. ಅದು ಆ ಮನೆಯದಲ್ಲ, ಅದಕ್ಕೆ ಬೇರೆ ಕುಟುಂಬವೇ ಬೇಕು ಎಂದು 1967ರಲ್ಲಿ ತೋರಿಸಿದಾಗ ಕ್ರಿಸ್ಟೆನ್ಸನ್‌ಗೆ ಇಪ್ಪತ್ತನಾಲ್ಕರ ಆಸುಪಾಸು.

ಮುಂದಿನ ಪರೀಕ್ಷೆಯಲ್ಲಿ ಅವರ ನಿರ್ಣಯವೇ ತಿದ್ದುಪಡಿ ಕಂಡಿತು. 1979ರಲ್ಲಿ ಕ್ರಿಸ್ಟೆನ್ಸನ್ ಮತ್ತು ಎಬ್ಬೆ ನೀಲ್ಸನ್ ದಕ್ಷಿಣ ಅಮೆರಿಕದ ತುದಿಯ ನೋಥೊಫೇಗಸ್ ಮರಗಳ ಕಾಡುಗಳಿಂದ ಬಂದ ಹೆಟೆರೊಬಾತ್ಮಿಯಾ ಎಂಬ ಪತಂಗವನ್ನು ವರ್ಣಿಸಿದರು. ಇದಕ್ಕೂ ದವಡೆ, ಇದಕ್ಕೂ ಪರಾಗವೇ ಊಟ. ಮೈಕ್ರೊಪ್ಟೆರಿಕ್ಸ್ ಕುಟುಂಬದ ಉಪಕುಟುಂಬ ಎಂದು ಬರೆದರು. ನಾಲ್ಕು ವರ್ಷಗಳ ನಂತರ, 1983ರಲ್ಲಿ, ಅದರ ಮರಿಹುಳು ಸಿಕ್ಕಿದ ವರದಿಯನ್ನು ಅದೇ ಜೋಡಿ ಪ್ರಕಟಿಸಿತು. ಹುಳು ನೋಥೊಫೇಗಸ್ ಎಲೆಯೊಳಗೆ ಸುರಂಗ ಕೊರೆಯುತ್ತಿತ್ತು. ಅದರ ರಚನೆ ಝ್ಯೂಗ್ಲಾಪ್ಟೆರಾದ ಹುಳುವಿಗೆ ಹೊಂದದೆ ನಳಿಗೆಯ ಪತಂಗಗಳ ದಿಕ್ಕಿಗೆ ಬೆರಳು ತೋರುತ್ತಿತ್ತು. ಬರೆದವರೇ ತಮ್ಮ ವರ್ಗೀಕರಣವನ್ನು ಕೈಬಿಟ್ಟು, ಅದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು. ಚಾಪ್‌ಮನ್ನರ ಹುಳು ಒಮ್ಮೆ ಮಾಡಿದ ಕೆಲಸವನ್ನೇ ಈ ಹುಳುವೂ ಮಾಡಿತು: ಬಾಯಿ ನೋಡಿ ಒಂದುಗೂಡಿಸಿದ್ದವರನ್ನು ಬಾಲ್ಯ ನೋಡಿ ಬೇರ್ಪಡಿಸಬೇಕಾಯಿತು.

ಹುರುಪೆಯ ಸಾಕ್ಷ್ಯ

ಕಳೆದ ದಶಕದಲ್ಲಿ ಗಮನ ಹುರುಪೆಯ ಕಡೆಗೇ ತಿರುಗಿದೆ. ಸಾಮಾನ್ಯ ಚಿಟ್ಟೆಯ ಹುರುಪೆಗೆ ಮೇಲುಪದರ, ಕೆಳಪದರ ಎಂದು ಎರಡಿದ್ದು ನಡುವೆ ಟೊಳ್ಳಿರುತ್ತದೆ. ಮೈಕ್ರೊಪ್ಟೆರಿಕ್ಸ್‌ನಲ್ಲಿ ಆ ಟೊಳ್ಳಿಲ್ಲ; ಎರಡೂ ಪದರ ಬೆಸೆದು ಒಂದೇ ತೆಳು ಹಾಳೆಯಾಗಿದೆ. ಅದರ ಕಂಚು, ಚಿನ್ನ, ನೇರಳೆ ಹೊಳಪು ಬರುವುದೂ ಆ ಹಾಳೆಯ ದಪ್ಪದಿಂದಲೇ ಎಂದು 2019ರ ಅಧ್ಯಯನವೊಂದು ತೋರಿಸಿತು. ನೀರಿನ ಮೇಲೆ ತೇಲುವ ಎಣ್ಣೆಯ ಪೊರೆ ಬಣ್ಣ ತೋರಿಸುವುದರ ಹಿಂದೆ ಇರುವ ಬೆಳಕಿನ ನಿಯಮವೇ ಇಲ್ಲೂ ಕೆಲಸ ಮಾಡುತ್ತದೆ.

ಟೊಳ್ಳು ಹುರುಪೆ ಅಂದರೆ ನಳಿಗೆಯ ಪತಂಗ, ಗಟ್ಟಿ ಹುರುಪೆ ಅಂದರೆ ದವಡೆಯ ಪತಂಗ ಎಂಬ ಈ ವ್ಯತ್ಯಾಸ ಪಳೆಯುಳಿಕೆ ಓದಲು ಉಪಯೋಗಕ್ಕೆ ಬಂತು. ಉತ್ತರ ಜರ್ಮನಿಯ ಶಾಂಡೆಲಾಹ್‌ನಲ್ಲಿ ನೆಲ ಕೊರೆದು ತೆಗೆದ ಬಂಡೆಯ ಮಾದರಿಯನ್ನು ಆಮ್ಲದಲ್ಲಿ ಕರಗಿಸಿದಾಗ ಪರಾಗದ ಜೊತೆ ಸೂಕ್ಷ್ಮ ಹುರುಪೆಗಳೂ ಸಿಕ್ಕವು. ನೆದರ್ಲೆಂಡ್ಸ್‌ನ ವಿದ್ಯಾರ್ಥಿ ಟೀಮೊ ಫಾನ್ ಎಲ್ಡೈಕ್ ಸೂಜಿಯ ತುದಿಗೆ ಮೂಗಿನ ಕೂದಲೊಂದನ್ನು ಅಂಟಿಸಿಕೊಂಡು ಅವುಗಳನ್ನು ಒಂದೊಂದಾಗಿ ಎತ್ತಿಟ್ಟ. ಸುಮಾರು 70 ಹುರುಪೆಗಳು, ಸುಮಾರು 20 ಕೋಟಿ ವರ್ಷ ಹಳೆಯವು. ಅವುಗಳಲ್ಲಿ ಟೊಳ್ಳಾದವೂ ಇದ್ದವು ಎಂದು 2018ರಲ್ಲಿ ಪ್ರಕಟವಾಯಿತು. ಹೂ ಬಿಡುವ ಸಸ್ಯಗಳ ಖಚಿತವಾದ ಪಳೆಯುಳಿಕೆಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಅಂದರೆ ಮಕರಂದಕ್ಕಾಗಿ ನಳಿಗೆ ಹುಟ್ಟಿತೆಂಬ ಹಳೆಯ ವಿವರಣೆ ಸಾಲದು. ಹೂವಿಲ್ಲದ ಬೀಜಸಸ್ಯಗಳು ಪರಾಗ ಹಿಡಿಯಲು ಒಸರುವ ಹನಿಯನ್ನೋ ನೀರನ್ನೋ ಹೀರಲು ಅದು ಮೊದಲು ಬಂದಿರಬಹುದೆಂದು ಸಂಶೋಧಕರು ಊಹಿಸಿದರು.

2019ರಲ್ಲಿ 186 ಪ್ರಭೇದಗಳ 2,098 ಜೀನ್‌ಗಳನ್ನು ಹೋಲಿಸಿದ ಅಂತರರಾಷ್ಟ್ರೀಯ ತಂಡವೊಂದು ಲೆಪಿಡಾಪ್ಟೆರಾದ ಮೂಲವನ್ನು ಸುಮಾರು 30 ಕೋಟಿ ವರ್ಷ ಹಿಂದಕ್ಕೆ ಒಯ್ದಿತು. ಆ ವಂಶವೃಕ್ಷದಲ್ಲಿ ಮೈಕ್ರೊಪ್ಟೆರಿಕ್ಸ್‌ನ ಕುಟುಂಬ ತೀರಾ ಬುಡದಲ್ಲಿ ಕವಲೊಡೆದಿದೆ, ಆದರೆ ಮರದ ಒಳಗೇ ಇದೆ. ಮೇರಿಕ್ ಕೈಮಸೂರ ಹಿಡಿದು ಇಟ್ಟ ಜಾಗಕ್ಕೂ ಇದಕ್ಕೂ ದೂರವಿಲ್ಲ.

ಚಾಪ್‌ಮನ್ನರ ಝ್ಯೂಗ್ಲಾಪ್ಟೆರಾ ಇಂದು ಗಣವಾಗಿ ಉಳಿದಿಲ್ಲ. ಲೆಪಿಡಾಪ್ಟೆರಾದ ಒಳಗೆ ಒಂದು ಉಪಗಣದ ಹೆಸರಾಗಿ ಬಳಕೆಯಲ್ಲಿದೆ. ಹಾಗೆಂದು ಅವರು ಕಂಡದ್ದು ಯಾವುದೂ ಸುಳ್ಳಾಗಲಿಲ್ಲ. ಎಂಟು ಜೊತೆ ಚಾಚುಗಳಾಗಲಿ, ಗೂಡು ಹರಿಯುವ ದವಡೆಯಾಗಲಿ ಅವರು ಬರೆದಂತೆಯೇ ಇವೆ. ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ನಿಲ್ಲಲಿಲ್ಲ. ಭಿನ್ನವಾಗಿರುವುದೂ ಹೊರಗಿನವನಾಗಿರುವುದೂ ಒಂದೇ ಅಲ್ಲವೆಂದು ತಿಳಿಯಲು ವರ್ಗೀಕರಣ ಶಾಸ್ತ್ರಕ್ಕೆ ಅಷ್ಟು ಕಾಲ ಹಿಡಿಯಿತು. ಈ ಪಾಠ ಕಲಿತವರಿಗೆ ಕೆಲಸಕ್ಕೇನೂ ಬರವಿಲ್ಲ: ನ್ಯೂಜಿಲೆಂಡಿನ ಜಾರ್ಜ್ ಗಿಬ್ಸ್ 2010ರಲ್ಲಿ ಇದೇ ಕುಟುಂಬಕ್ಕೆ ಆಸ್ಟ್ರೇಲಿಯಾ, ನ್ಯೂ ಕ್ಯಾಲಿಡೋನಿಯಾ, ನ್ಯೂಜಿಲೆಂಡ್‌ಗಳಿಂದ ಒಮ್ಮೆಗೇ ಐದು ಹೊಸ ಕುಲಗಳನ್ನು ಸೇರಿಸಿದರು.